ಡಬ್ಬಿ ಇಪ್ಪತ್ತು, ಕಡ್ಡಿ ಎರಡು

“ಯುಗಾದಿ ಒಳಗ ಆ ತಂತಿ ಇಳೀಬೇಕು,” ಎಂದು ನಮ್ಮತ್ತೆ ತೀರ್ಪು ಕೊಟ್ಟಾಗ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಏರಿತ್ತು. ಊರಿಗೆ ಊರೇ ಸೀನುತ್ತಿತ್ತು. ತೀರ್ಪಿನ ನಡುವೆ ಅತ್ತೆಗೂ ಎರಡು ಸೀನು ಬಂದವು. ಸೀನಿದ ಮೇಲಾದರೂ ಮಾತು ಸ್ವಲ್ಪ ಸಡಿಲವಾದೀತೆಂದು ಕಾದೆ. ಅವರು ಮೂಗು ಒರೆಸಿಕೊಂಡು ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದರು.

ನಾನು ಹಾವೇರಿಯ ಮಗಳು, ಬ್ಯಾಡಗಿಯ ಸೊಸೆ, ರಾಣೇಬೆನ್ನೂರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಮೂರೂ ಊರಿನ ಬಸ್ ಕಂಡಕ್ಟರುಗಳಿಗೆ ನನ್ನ ಮುಖವೂ ಗೊತ್ತು, ನಾಲಿಗೆಯೂ ಗೊತ್ತು. ಇದರ ಮೇಲೆ ನನಗೊಂದು ಹುಚ್ಚು: ಹವ್ಯಾಸಿ ರೇಡಿಯೋ. ಪರೀಕ್ಷೆ ಪಾಸು ಮಾಡಿ, ಸರ್ಕಾರದ ಪರವಾನಗಿ ತೆಗೆದುಕೊಂಡು, ಮನೆಯಲ್ಲೇ ಕಟ್ಟಿದ ಯಂತ್ರದಿಂದ ದೂರದೂರಿನ ಇಂಥದೇ ಹುಚ್ಚರ ಜೊತೆ ಮಾತಾಡುವುದು. ಮದುವೆಗೆ ಮುಂಚೆಯೇ ಹತ್ತಿದ ಹುಚ್ಚು. ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಅದನ್ನು “ಸ್ವಲ್ಪ ರೇಡಿಯೋ ಕೇಳ್ತಾಳ” ಎಂದಷ್ಟೇ ಹೇಳಿ ಪಾರಾಗಿದ್ದರು.

ತಂತಿ ಎಂದರೆ ಮಾಳಿಗೆಯ ಮೇಲೆ ಪೈಪು ನಿಲ್ಲಿಸಿ, ಎರಡೂ ಕಡೆಗೆ ಇಳಿಬಿಟ್ಟು ಕಟ್ಟಿದ್ದ ನನ್ನ ಏರಿಯಲ್ಲು. ಅದರ ಮೇಲಿನ ಆರೋಪ ಇಷ್ಟು. ಸಂಜೆ ಅತ್ತೆ ದೇವರಿಗೆ ದೀಪ ಹಚ್ಚಿ, ಪಕ್ಕದ ಮನೆಯ ಹೆಂಗಸರಿಬ್ಬರನ್ನು ಕೂರಿಸಿಕೊಂಡು ಟೀವಿ ಹಾಕಿದರೆ ಪರದೆಯ ತುಂಬ ಅಡ್ಡಡ್ಡ ಪಟ್ಟೆ. ಧಾರಾವಾಹಿಯ ನಾಯಕಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದು. ನಾನು ಬಸ್ಸಿಳಿದು ಬಂದು ಮೇಲಿನ ಕೋಣೆಯಲ್ಲಿ ಯಂತ್ರದ ಮುಂದೆ ಕೂರುತ್ತಿದ್ದದ್ದೂ ಅದೇ ಹೊತ್ತು. ಇನ್ನು ಸಾಕ್ಷಿ ಯಾಕೆ ಬೇಕು? ಒಮ್ಮೆ ನಾನು ತವರಿಗೆ ಹೋಗಿದ್ದಾಗಲೂ ಪಟ್ಟೆ ಬಂದಿದ್ದವಂತೆ. “ಆಕಿ ಇರದಿದ್ರೇನಾತು, ಮ್ಯಾಲಿನ ಡಬ್ಬಿ ಬಿಸಿ ಇನ್ನೂ ಆರಿರಂಗಿಲ್ಲ,” ಎಂದು ಅತ್ತೆ ಅದಕ್ಕೂ ಉತ್ತರ ಹುಡುಕಿದ್ದರು.

ಜಗಳ ಮಾಡಬಹುದಿತ್ತು. ನಾನು ಜಗಳಕ್ಕೆ ಹೆದರುವವಳಲ್ಲ. ಆದರೆ ನನಗೂ ಒಳಗೊಳಗೆ ಅನುಮಾನವಿತ್ತು. ಯಂತ್ರ ನಾನೇ ಬೆಸುಗೆ ಹಾಕಿ ಕಟ್ಟಿದ್ದು. ಅದು ಹೊರಗೆ ಬಿಡುವ ತರಂಗ ಶುದ್ಧವಾಗಿಲ್ಲದಿದ್ದರೆ ಟೀವಿಗೆ ತೊಂದರೆಯಾಗುವುದು ಸಹಜ. ಹಾಗೆಂದು ತಂತಿ ಇಳಿಸಲು ನಾನು ತಯಾರಿರಲಿಲ್ಲ. ಆ ಮನೆಯಲ್ಲಿ ಅಡುಗೆಮನೆ ಅತ್ತೆಯದು, ಕಪಾಟು ಗಂಡನದು, ತವರಿನಿಂದ ತಂದ ನನ್ನ ಟ್ರಂಕಿನ ಮೇಲೂ ಮೆಣಸಿನಕಾಯಿ ಚೀಲ ಕೂತಿತ್ತು. ಯಾರೂ ಕೆಟ್ಟವರಲ್ಲ, ಪ್ರೀತಿಯಿಂದಲೇ ಇದ್ದರು. ಆದರೂ ಇದು ನನ್ನದು ಎಂದು ಬೆರಳು ಮಾಡಿ ತೋರಿಸಬಹುದಾಗಿದ್ದದ್ದು ಆ ತಂತಿಯೊಂದನ್ನೇ. ಅದು ಇಳಿದರೆ ಮತ್ತೆ ಏರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ರಾಣೇಬೆನ್ನೂರಿನಲ್ಲಿ ನನ್ನ ಹಾಗೇ ಪರವಾನಗಿ ಇದ್ದ ಹಿರಿಯರೊಬ್ಬರಿದ್ದರು. ಬೀಜದ ವ್ಯಾಪಾರಿ. ಅಂಗಡಿಯ ಮುಂದೆ ಹತ್ತಿಬೀಜದ ಪೊಟ್ಟಣ, ಹಿಂದಿನ ಕೋಣೆಯಲ್ಲಿ ವೈರು, ತಂತಿಯ ಸುರುಳಿ. ಶಾಲೆ ಬಿಟ್ಟ ಮೇಲೆ ಅವರಲ್ಲಿಗೆ ಹೋಗಿ ಗೋಳು ಹೇಳಿಕೊಂಡೆ. ಇಡೀ ವಾರ ಕೂತು ಏನೇನೋ ಬದಲಾಯಿಸಿದ್ದೇನೆ, ಪಟ್ಟೆ ಹೋಗಲಿಲ್ಲ ಎಂದೆ.

“ಕಣ್ಣು ಕಟ್ಕೊಂಡು ರಿಪೇರಿ ಮಾಡಿದಂಗ ಆತ್ರಿ ಅದು,” ಎಂದರು. “ಮೊದಲ ನಿಮ್ಮ ತರಂಗ ಹೆಂಗೈತಿ ನೋಡ್ರಿ. ತಲಿ ದುಂಡಗ ಇದ್ರ ಚಲೋ. ಚಪ್ಪಟಿ ಆಗಿದ್ರ ಅದರ ಕಸ ಎಲ್ಲಾ ಟೀವಿಗೆ ಹೊಂಟೈತಿ ಅಂತ ತಿಳ್ಕೋರಿ. ಒಂದು ಸ್ಕೋಪ್ ತಗೋರಿ.”

ಆಸಿಲೋಸ್ಕೋಪ್ ಎಂದರೆ ಕಣ್ಣಿಗೆ ಕಾಣದ ತರಂಗವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ. ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಇರುವಂಥದ್ದು. ನನ್ನ ಬಳಿ ಇದ್ದದ್ದು ಹಬ್ಬದ ಸೀರೆಗೆಂದು ತೆಗೆದಿಟ್ಟ ಹಣ, ಅದಕ್ಕೆ ಒಂದಿಷ್ಟು ಟ್ಯೂಷನ್ನಿನ ಹಣ. ಅಷ್ಟರಲ್ಲೇ ಆಗಬೇಕು. ಗಂಡನನ್ನು ಕೇಳಿದರೆ ಕೊಡುತ್ತಿದ್ದರು. ಆದರೆ ಆಗ ಅದೂ ನನ್ನದಾಗುತ್ತಿರಲಿಲ್ಲ.

ಮೊದಲು ಪುಕ್ಕಟೆಯದನ್ನು ಪ್ರಯತ್ನಿಸಿದೆ. ಗಂಡನದು ಮೆಣಸಿನಕಾಯಿ ದಲ್ಲಾಳಿ ಅಂಗಡಿ. ಅಲ್ಲಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದರ ಮೈಕಿನ ತೂತಿಗೆ ವೈರು ಸಿಕ್ಕಿಸಿ, ಒಂದು ಸಾಫ್ಟ್‌ವೇರ್ ಹಾಕಿದರೆ ಅದೇ ಸ್ಕೋಪು ಆಗುತ್ತದೆಂದು ರೇಡಿಯೋ ಮೇಲೆ ಯಾರೋ ಹೇಳಿದ್ದರು. ಆಯಿತು ನಿಜ. ಆದರೆ ಅದು ಕಿವಿಗೆ ಕೇಳುವ ಸದ್ದನ್ನು ಮಾತ್ರ ತೋರಿಸುತ್ತದೆ, ರೇಡಿಯೋ ತರಂಗದ ಓಟಕ್ಕೆ ಅದರ ಕಣ್ಣು ನಿಲ್ಲುವುದಿಲ್ಲ. ನನ್ನ ಸೀನು ಬಹಳ ಚಂದ ಮೂಡಿತು. ಅಂಗಡಿಯ ಗುಮಾಸ್ತ ತನ್ನ ಕೆಮ್ಮನ್ನೂ ನೋಡಿಕೊಂಡು ಖುಷಿಪಟ್ಟ. ಅಲ್ಲಿಗೆ ಆ ಸಂಶೋಧನೆ ಮುಗಿಯಿತು.

ಆಮೇಲೆ ಹಾವೇರಿಯ ಒಂದು ಟೀವಿ ರಿಪೇರಿ ಅಂಗಡಿ. ಅಲ್ಲೊಂದು ಹಳೆಯ ಸ್ಕೋಪು ಮಾರಾಟಕ್ಕಿದೆ ಎಂದು ತವರಿನಿಂದ ನನ್ನ ತಮ್ಮ ಸುದ್ದಿ ಕೊಟ್ಟ. ಬೆಲೆ ನನ್ನ ಕೈಗೆ ಎಟುಕುವಂಥದ್ದೇ. ಮುಖಫಲಕ ನೋಡಿದೆ, ಅದರ ಕಣ್ಣು ಐದು ಮೆಗಾಹರ್ಟ್ಸ್ ತರಂಗದವರೆಗೆ ಮಾತ್ರ. ನಾನು ಮಾತಾಡುವುದು ಏಳರಲ್ಲಿ.

“ಎರಡ ಅಲ್ಲೇನ್ರಿ ಫರಕು? ಸಂಭಾಳಿಸಿಕೊಂಡು ಹೋಗ್ರಲ್ಲ,” ಎಂದ ಅಂಗಡಿಯವ.

ಅಷ್ಟು ಸಾಕಾಯಿತು ನನಗೆ. ಅಲ್ಲೇ ನಿಂತು ಪಾಠ ಶುರು ಮಾಡಿದೆ. ಏಳರ ತರಂಗದ ಆಕಾರ ಸರಿಯಾಗಿ ಕಾಣಬೇಕಾದರೆ ಸ್ಕೋಪಿನ ಶಕ್ತಿ ಅದರ ಮೂರು ಪಟ್ಟಿನ ಹತ್ತಿರವಾದರೂ ಇರಬೇಕು. ಇಲ್ಲದಿದ್ದರೆ ಚಪ್ಪಟೆ ತಲೆಯನ್ನೂ ದುಂಡಗೆ ತೋರಿಸಿ ಮೋಸ ಮಾಡುತ್ತದೆ. ಕೆಟ್ಟ ಸ್ಕೋಪಿಗಿಂತ ಸುಳ್ಳು ಹೇಳುವ ಸ್ಕೋಪು ಅಪಾಯ. ಅಂಗಡಿಯವ ಕೈಮುಗಿದ. ನನ್ನ ಹಿಂದೆ ನಿಂತಿದ್ದ, ರಿಮೋಟ್ ರಿಪೇರಿಗೆ ಬಂದಿದ್ದವರೊಬ್ಬರು ಮಾತ್ರ ಕೊನೆಯವರೆಗೂ ಕೇಳಿದರು.

ಬೀಜದ ವ್ಯಾಪಾರಿ ಹೊಸ ನಮೂನೆಯ ಡಿಜಿಟಲ್ ಸ್ಕೋಪುಗಳ ಕೆಟಲಾಗು ಕೊಟ್ಟರು. ಟಿಫಿನ್ ಡಬ್ಬಿಯಷ್ಟು ಚಿಕ್ಕದು, ಬಣ್ಣದ ಗೆರೆ, ತರಂಗವನ್ನು ಹಿಡಿದು ನಿಲ್ಲಿಸುತ್ತದೆ. ಕೊನೆಯ ಪುಟದಲ್ಲಿ ಬೆಲೆ ನೋಡಿ, ಮಡಚಿ, ಗೌರವದಿಂದ ವಾಪಸು ಕೊಟ್ಟೆ. ಅಷ್ಟರಲ್ಲಿ ಅವರೇ ಇನ್ನೊಂದು ದಾರಿ ಹೇಳಿದರು. ಹಾವೇರಿಯಲ್ಲಿ ಪಾಲಿಟೆಕ್ನಿಕ್ಕಿನ ನಿವೃತ್ತ ಉಪನ್ಯಾಸಕರೊಬ್ಬರು ತಮ್ಮ ಸ್ವಂತ ಸ್ಕೋಪು ಮಾರುತ್ತಿದ್ದಾರೆ. ಇಪ್ಪತ್ತು ಮೆಗಾಹರ್ಟ್ಸ್, ಎರಡು ತರಂಗ ಒಟ್ಟಿಗೆ ತೋರಿಸುವ ಎರಡು ಗೆರೆ, ಹಳೇ ಕಾಲದ ಭಾರದ ಪೆಟ್ಟಿಗೆ, ಆದರೆ ಚೊಕ್ಕಟವಾಗಿ ಇಟ್ಟಿದ್ದಾರೆ. ಏಳಕ್ಕೆ ಇಪ್ಪತ್ತು. ನನ್ನ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಗಂಡನ ಅಂಗಡಿಯ ಟೆಂಪೋ ಹಾವೇರಿಗೆ ಹೊರಟಿದ್ದ ಒಂದು ದಿನ ಅವರೂ ನಾನೂ ಅದರಲ್ಲೇ ಹೋದೆವು. ನನ್ನ ಗಂಡ ಮೆಣಸಿನಕಾಯಿ ಕೊಳ್ಳುವಾಗ ಚೀಲದ ಮೇಲಿನ ಪದರ ನೋಡುವುದಿಲ್ಲ, ಮೊಣಕೈವರೆಗೆ ಕೈ ಇಳಿಸಿ ತಳದ ಮಾಲು ಎತ್ತುತ್ತಾರೆ. ನೀರು ಹೊಡೆದ ಮಾಲಿನ ಅನುಮಾನ ಬಂದರೆ ಬಿಸಿಲಿಗೆ ಹರವಿ, ಚಹಾ ಕುಡಿದು ಬಂದು ಮತ್ತೆ ನೋಡುತ್ತಾರೆ. ಸ್ಕೋಪಿಗೂ ಅದೇ ಮರ್ಯಾದೆ ಸಿಕ್ಕಿತು. “ಚಾಲೂ ಮಾಡಿ ಬಿಡ್ರಿ ಸರ್, ಬಿಸಿ ಆಗ್ಲಿ,” ಎಂದು ಚಹಾ ಕುಡಿದರು, ಅವಲಕ್ಕಿ ತಿಂದರು, ಉಪನ್ಯಾಸಕರ ಹೆಂಡತಿಯ ಕೂಡ ಖಾರದ ಪುಡಿಯ ಮಾತಾಡಿದರು. ಬಿಸಿಯಾದ ಮೇಲೂ ಹಸಿರು ಗೆರೆ ಇದ್ದಲ್ಲೇ ಇತ್ತು. ನಾನು ಗುಂಡಿಗಳನ್ನೆಲ್ಲ ತಿರುಗಿಸಿ ನೋಡಿದೆ. ಎರಡು ಪ್ರೋಬುಗಳೂ, ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಮುಟ್ಟುಗಡ್ಡಿಗಳೂ, ಸರಿಯಾಗಿದ್ದವು. ಬಹಳ ದಿನದ ಮೇಲೆ ಹೊಟ್ಟೆಯೊಳಗೆ ಖುಷಿ ಎದ್ದಿತು.

ಆದರೆ ರಾಣೇಬೆನ್ನೂರಿನ ಒಂದು ತರಬೇತಿ ಕೇಂದ್ರದವರೂ ಅದನ್ನು ನೋಡಿ ಹೋಗಿದ್ದರು. “ಶನಿವಾರ ಬರ್ತೀವಿ ಅಂದಾರ್ರಿ. ನನಗ ಇಬ್ಬರೂ ಒಂದ. ಮೊದಲ ಬಂದವರಿಗೆ ಕೊಡೂದು,” ಎಂದರು ಉಪನ್ಯಾಸಕರು. ನನಗೆ ಟ್ಯೂಷನ್ನಿನ ಹಣ ಕೈಗೆ ಬರಲು ಶುಕ್ರವಾರವಾಗಬೇಕಿತ್ತು. ಆಗಲಿ ಎಂದು ಬಂದೆವು.

ಇಲ್ಲೊಂದು ಮಾತು ಹೇಳಬೇಕು. ಅತ್ತೆಗೆ ನನ್ನ ರೇಡಿಯೋ ಸಾಮಾನೆಲ್ಲ ಡಬ್ಬಿ. ಮಾತಾಡುವುದೂ ಡಬ್ಬಿ, ಕೇಳುವುದೂ ಡಬ್ಬಿ. ಮುಟ್ಟುಗಡ್ಡಿ ಅವರ ಬಾಯಲ್ಲಿ ಬರೇ ಕಡ್ಡಿ. ಕೇಳಿ ಕೇಳಿ ನಾನೂ ಗಂಡನೂ ಸ್ಕೋಪನ್ನು ಡಬ್ಬಿ ಎಂದೇ ಕರೆಯತೊಡಗಿದ್ದೆವು. ಬೇರೆ ಊರಿನಲ್ಲಾದರೆ ಇದರಿಂದ ಏನೂ ಆಗುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಎಂದರೆ ಮೆಣಸಿನಕಾಯಿಯ ಎರಡು ಜಾತಿ. ದುಂಡಗೆ ದಪ್ಪಗಿರುವುದು ಡಬ್ಬಿ, ಉದ್ದಕ್ಕೆ ಸಣ್ಣಗಿರುವುದು ಕಡ್ಡಿ.

ಶುಕ್ರವಾರ ಹಣ ಬಂತು. ಉಪನ್ಯಾಸಕರ ಮನೆಗೆ ಫೋನ್ ಮಾಡಿದರೆ ಅವರ ರಸ್ತೆ ಅಗೆದು ಲೈನು ಸತ್ತಿತ್ತು. ರಾಣೇಬೆನ್ನೂರಿನ ಎಸ್‌ಟಿಡಿ ಬೂತಿನಿಂದ ಗಂಡನ ಅಂಗಡಿಗೆ ಮಾಡಿದೆ. ಅವರು ಮಾರ್ಕೆಟ್ಟಿಗೆ ಹೋಗಿದ್ದರು. ಗುಮಾಸ್ತ ಎತ್ತಿದ. ಅವನ ಹಿಂದೆ ಹಮಾಲರ ಕೂಗು, ಲಾರಿಯ ಹಾರ್ನು. ನಾನು ಬೂತಿನ ಗಾಜು ಅದುರುವಂತೆ ಹೇಳಿದೆ: “ಸಾಹುಕಾರ್ರಿಗೆ ಹೇಳು, ಹಾವೇರಿ ಸರ್ ಮನೀದು ಡಬ್ಬಿ! ಇಪ್ಪತ್ತರದು! ಎರಡು ಕಡ್ಡಿ ಕೂಡ! ಇವತ್ತ ಟೆಂಪೋದಾಗ ಹಾಕಸ್ರಿ ಅಂತ!”

“ಆತ್ರಿ ಅಕ್ಕಾರ! ಡಬ್ಬಿ ಇಪ್ಪತ್ತು, ಕಡ್ಡಿ ಎರಡು!” ಎಂದ. ಎಷ್ಟು ಚುರುಕು ಎಂದುಕೊಂಡೆ.

ಸಂಜೆ ಮನೆಗೆ ಬಂದು ನೋಡಿದರೆ ಸ್ಕೋಪು ಇಲ್ಲ. ಅಂಗಡಿಗೆ ಓಡಿದೆ. ಗಂಡನಿಗೆ ಸುದ್ದಿಯೇ ಇಲ್ಲ. ಗುಮಾಸ್ತ ಮುಂದೆ ಬಂದು ಎದೆಯುಬ್ಬಿಸಿ ಹೇಳಿದ: “ಆಗಲೇ ಕಳಿಸೀನ್ರಿ ಅಕ್ಕಾರ. ಇಪ್ಪತ್ತು ಕಿಲೋ ಡಬ್ಬಿ, ಎರಡು ಕಿಲೋ ಕಡ್ಡಿ. ಸರ್ ಮನಿ ನಮ್ಮ ಡ್ರೈವರಗ ಗೊತ್ತಿತ್ತು. ನಾನ ಕೈಲೇ ಆರಿಸಿ ಹಾಕೀನ್ರಿ. ಒಂದೊಂದರ ಸುಕ್ಕು, ಬಣ್ಣ ನೋಡಬೇಕಿತ್ತ ನೀವು!”

ಗಂಡ ಮೊದಲು ನನ್ನ ಮುಖ ನೋಡಿದರು, ಆಮೇಲೆ ಗುಮಾಸ್ತನ ಮುಖ, ಆಮೇಲೆ ಚೀಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿಕ್ಕೆ ಅವರಿಗೇನು? ನಾಳೆ ಬೆಳಿಗ್ಗೆ ತರಬೇತಿ ಕೇಂದ್ರದವರು ಬಂದು ಸ್ಕೋಪು ಹೊತ್ತೊಯ್ದರೆ ಇಂಥದ್ದು ಇಷ್ಟಕ್ಕೆ ಮತ್ತೆಲ್ಲೂ ಸಿಗುವುದಿಲ್ಲ. ಯುಗಾದಿ ಮುಂದಿನ ವಾರ. ನಾನು ಇಬ್ಬರನ್ನೂ ಬೈದೆ. ಬೂತಿನವನನ್ನೂ, ರಸ್ತೆ ಅಗೆದವರನ್ನೂ ಬೈದೆ.

ಶನಿವಾರ ಶಾಲೆಗೆ ರಜೆ ಹೇಳಿ ಬೆಳಗಿನ ಮೊದಲ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಉಪನ್ಯಾಸಕರಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಪಾಠ ಮಾಡಿಕೊಂಡೆ. ಮೆಣಸಿನಕಾಯಿ ಕಳಿಸಿ ಆಸೆ ತೋರಿಸಿದಳು ಎಂದು ತಿಳಿದಿರಬಹುದು. ಮರ್ಯಾದಸ್ಥರು, ಸಿಟ್ಟಾಗಿರಬಹುದು. ಅವರ ಓಣಿಗೆ ತಿರುಗಿದಾಗಲೇ ಘಾಟು ಮೂಗಿಗೆ ಬಡಿಯಿತು. ಕಟ್ಟೆಯ ಮೇಲೆ ಉಪನ್ಯಾಸಕರು ಒಬ್ಬರೇ ಕೂತು ಸೀನುತ್ತಿದ್ದರು.

“ಬರ್ರಿ, ಕುಂದ್ರಿ. ಒಳಗ ಹೋಗಾಕ ನನಗೂ ಆಗವಲ್ತು,” ಎಂದರು.

ಮಾಳಿಗೆಯ ಮೇಲೆ ಕೆಂಪೋ ಕೆಂಪು. ಅವರ ಹೆಂಡತಿ ಓಣಿಯ ಹೆಂಗಸರನ್ನೆಲ್ಲ ಕರೆದು ಕೂರಿಸಿಕೊಂಡು ತೊಟ್ಟು ಮುರಿಯುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ವರ್ಷದ ಖಾರದ ಪುಡಿಗೆ ನಮ್ಮ ಮನೆಯವರು ಮಾತು ಕೊಟ್ಟಂತೆಯೇ ಮಾಲು ಕಳಿಸಿದರು, ಇಂಥ ಬಣ್ಣ ತಾನು ಕಂಡೇ ಇಲ್ಲ ಎಂದರು. ಅವಲಕ್ಕಿ ತಿನ್ನುತ್ತ ಗಂಡ ಆಡಿದ್ದ ಮಾತನ್ನು ಆಕೆ ವ್ಯಾಪಾರ ಎಂದೇ ಹಿಡಿದಿದ್ದರು. ನಾನು ತಡವರಿಸುತ್ತ ಸ್ಕೋಪಿನ ವಿಷಯ ಎತ್ತಿದೆ. ತರಬೇತಿ ಕೇಂದ್ರದವರು ಬಂದಿದ್ದರೇ?

“ನಿನ್ನಿ ಸಂಜಿಕೇ ಬಂದಿದ್ರು,” ಎಂದರಾಕೆ, ತೊಟ್ಟು ಮುರಿಯುತ್ತಲೇ. “ನಾನ ವಾಪಸ್ ಕಳಿಸಿದೆ. ಬ್ಯಾಡಗಿಯವರ ಮಾಲು ಒಳಗ ತಗೊಂಡೇವಿ, ಅಂದ ಮ್ಯಾಲೆ ಅವರ ಕೂಡ ಮಾತು ಆದಂಗ. ಇನ್ನೊಬ್ಬರಿಗೆ ಹೆಂಗ ಕೊಡಾಕ ಬರ್ತೈತಿ?”

ಉಪನ್ಯಾಸಕರಿಗೆ ನಾನು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಕೇಳುತ್ತ ಕೇಳುತ್ತ ನಕ್ಕರು, ನಕ್ಕು ಸೀನಿದರು, ಸೀನಿ ಮತ್ತೆ ನಕ್ಕರು. ತೊಟ್ಟು ಮುರಿದ ಮೆಣಸಿನಕಾಯಿ ವಾಪಸು ಬರುವಂತಿಲ್ಲ. ಅದರ ಬೆಲೆ ಕಳೆದು ಉಳಿದದ್ದನ್ನು ಕೊಟ್ಟೆ. ಸೀರೆಯ ಹಣ ಅರ್ಧ ಉಳಿಯಿತು, ಅದನ್ನು ಮೆಣಸಿನಕಾಯಿಯ ಲೆಕ್ಕಕ್ಕೆ ಗಂಡನ ಅಂಗಡಿಗೆ ಕಟ್ಟಿದೆ. ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಕಾಲು ಜೋಮು ಹಿಡಿದು ಇಳಿಯುವಾಗ ಕಂಡಕ್ಟರೇ ಕೈಹಿಡಿಯಬೇಕಾಯಿತು. “ಏನ್ರಿ ಟೀಚರ, ಟೀವಿ ತಂದ್ರೇನು?” ಎಂದ. ಹೂಂ ಎಂದೆ, ವಿವರಿಸುವ ತ್ರಾಣವಿರಲಿಲ್ಲ.

ಮರುದಿನ ಭಾನುವಾರ. ಏರಿಯಲ್ಲು ಬಿಚ್ಚಿ, ಅದರ ಬದಲು ಒಂದು ಬಲ್ಬು ಕಟ್ಟಿ, ಸ್ಕೋಪಿನ ಕಡ್ಡಿ ಸಿಕ್ಕಿಸಿದೆ. ಹೀಗೆ ಮಾಡಿದರೆ ಮಾತು ಗಾಳಿಗೆ ಹೋಗದೆ ಬಲ್ಬಿನಲ್ಲೇ ಉರಿದು ಹೋಗುತ್ತದೆ. ಗುಂಡಿ ಒತ್ತಿದೆ. ಬಲ್ಬು ಬೆಳಗಿತು, ಪರದೆಯ ಮೇಲೆ ನನ್ನ ತರಂಗ ಬಂತು. ದುಂಡಗೆ, ನುಣ್ಣಗೆ, ಒಂದರ ಹಿಂದೊಂದು. ಮೆಲ್ಲಗೆ ಮಾತಾಡಿದೆ, ಕೂಗಿದೆ, ಸೀನು ಹೇಗೂ ಬಂತು. ಎಲ್ಲಿಯೂ ತಲೆ ಚಪ್ಪಟೆಯಾಗಲಿಲ್ಲ. ನನ್ನ ಕೈಯ ಬೆಸುಗೆ ಸರಿಯಾಗಿತ್ತು! ಕುಣಿಯಬೇಕೆನಿಸಿತು. ಮರುಗಳಿಗೆಯೇ ಇನ್ನೊಂದು ಯೋಚನೆ ಬಂತು. ನನ್ನದಲ್ಲದಿದ್ದರೆ ಯಾರದು?

ಆ ಸಂಜೆ ಮೇಲೆ ಹೋಗಲೇ ಇಲ್ಲ. ಸ್ಕೋಪನ್ನು ಪಡಸಾಲೆಗೆ ತಂದು ಟೀವಿಯ ಪಕ್ಕ ಇಟ್ಟೆ. ಕಡ್ಡಿಯ ತುದಿಗೆ ಒಂದು ಗೇಣು ವೈರು ಕಟ್ಟಿ ಇಳಿಬಿಟ್ಟೆ. ಅತ್ತೆ ದೇವರ ಮನೆಯಲ್ಲಿ ದೀಪ ಹಚ್ಚಿ ಬಂದರು. ಪಕ್ಕದ ಮನೆಯ ಹೆಂಗಸರಿಬ್ಬರೂ ಬಂದು ಕೂತರು. ಟೀವಿ ಹಾಕಿದರೆ ಪಟ್ಟೆ ತಪ್ಪದೆ ಬಂದವು.

“ಮ್ಯಾಲೆ ಹೋಗಿ ಬಂದ್ ಮಾಡು,” ಎಂದರು ಅತ್ತೆ.

“ಎಲ್ಲಾ ಬಂದ್ ಐತ್ರಿ. ನಾ ಇಲ್ಲೇ ನಿಮ್ಮ ಮುಂದ ಅದೀನಲ್ಲ.”

“ಹಂಗಾರ ಬಿಸಿ ಆರಿಲ್ಲ.”

ನಾನು ಸ್ಕೋಪು ತೋರಿಸಿದೆ. ನೆಟ್ಟಗಿರಬೇಕಾಗಿದ್ದ ಹಸಿರು ಗೆರೆಯ ತುಂಬ ಮುಳ್ಳು. ಮನೆಯೊಳಗಿನ ಯಾವುದೋ ಒಂದು ಕಸ ಎರಚುತ್ತಿತ್ತು. ಒಂದೊಂದೇ ಸ್ವಿಚ್ಚು ಆರಿಸುತ್ತ ಹೋದೆ. ಫ್ಯಾನು, ಮುಳ್ಳು ಹಾಗೇ ಇದ್ದವು. ಫ್ರಿಜ್ಜು, ಹಾಗೇ. ಅಡುಗೆಮನೆಯ ಬಲ್ಬು, ಹಾಗೇ. ಉಳಿದದ್ದು ದೇವರ ಮನೆ. ಅಲ್ಲಿ ಅತ್ತೆ ಹೋದ ದೀಪಾವಳಿಯಲ್ಲಿ ತಾವೇ ಆಸೆಯಿಂದ ಹಾಕಿಸಿದ್ದ ಹೊಸ ನಮೂನೆಯ ಟ್ಯೂಬ್‌ಲೈಟು ಇತ್ತು. ಕರೆಂಟು ಉಳಿಸುವ ಎಲೆಕ್ಟ್ರಾನಿಕ್ ಚೋಕಿನದು. ದೀಪ ಹಚ್ಚುವ ಮುಂಚೆ ಅದನ್ನು ಹಾಕುವುದು, ಟೀವಿ ಮುಗಿದ ಮೇಲೆ ಆರಿಸುವುದು ಅವರ ಪದ್ಧತಿ. ನನ್ನ ಕೈ ಆ ಕಡೆ ಹೋಯಿತು.

“ಮುಟ್ಟಬ್ಯಾಡ, ನೀ ಇನ್ನೂ ಮೈ ತೊಳಕೊಂಡಿಲ್ಲ,” ಎಂದು ಅತ್ತೆ ಎದ್ದರು. ತಾವೇ ಹೋಗಿ ಸ್ವಿಚ್ಚು ಒತ್ತಿದರು.

ಪರದೆಯ ಮೇಲಿನ ಮುಳ್ಳು ಮಾಯವಾಗಿ ಗೆರೆ ನೆಟ್ಟಗಾಯಿತು. ಟೀವಿಯಲ್ಲಿ ನಾಯಕಿಯ ಮುಖ ಸ್ವಚ್ಛವಾಗಿ ಮೂಡಿತು. ಅಳುತ್ತಿದ್ದಳು. ಪಕ್ಕದ ಮನೆಯವರು ಅಯ್ಯ ಎಂದರು. ಅತ್ತೆ ಮತ್ತೆ ಲೈಟು ಹಾಕಿದರು, ಪಟ್ಟೆ ಬಂದವು. ಆರಿಸಿದರು, ಹೋದವು. ಹಾಕಿದರು, ಆರಿಸಿದರು. ದೇವರ ಮನೆಯ ಬಾಗಿಲಲ್ಲಿ ನಿಂತು ಟೀವಿಯನ್ನೊಮ್ಮೆ, ಹಸಿರು ಗೆರೆಯನ್ನೊಮ್ಮೆ ನೋಡಿದರು.

ಇಷ್ಟು ತಿಂಗಳಿಂದ ನಾಲಿಗೆಯ ತುದಿಯಲ್ಲಿ ಮಸೆದಿಟ್ಟಿದ್ದ ಮಾತು ನನ್ನಲ್ಲಿತ್ತು. ಬಹಳ ಚೂಪಾದ ಮಾತು. ಬಸ್ಸಿನಲ್ಲಿ ಎಷ್ಟೋ ಸಲ ಅದನ್ನು ಮನಸ್ಸಿನಲ್ಲೇ ಆಡಿ ನೋಡಿದ್ದೆ. ಬಾಯಿ ತೆರೆದೆ.

ಅತ್ತೆಯೇ ಮೊದಲು ಮಾತಾಡಿದರು, ನನ್ನ ಕಡೆ ನೋಡದೆ, ಆ ಇಬ್ಬರು ಹೆಂಗಸರ ಕಡೆ ತಿರುಗಿ. “ನೋಡ್ರವ್ವಾ, ಇಷ್ಟು ದಿನಾ ನಿಮ್ಮ ಮುಂದ ಕುಂತು ನಮ್ಮ ಸೊಸಿ ಮ್ಯಾಲೆ ಹಾಕೀನಿ. ತಪ್ಪು ಆಕೀದಲ್ಲ, ನಂದ. ಓಣ್ಯಾಗ ಯಾರರ ಕೇಳಿದ್ರ ಹಿಂಗ ಹೇಳ್ರಿ. ಆ ತಂತಿ ಆಕೀದು. ಅದನ್ನ ಯಾರೂ ಮುಟ್ಟಂಗಿಲ್ಲ, ನಾನೂ ಮುಟ್ಟಂಗಿಲ್ಲ.”

ನನ್ನ ಚೂಪು ಮಾತಿಗೆ ಇನ್ನು ಕೆಲಸವಿರಲಿಲ್ಲ. ಗೆದ್ದರೆ ಹೇಗಿರಬೇಕೆಂದು ತಯಾರಾಗಿ ಬಂದಿದ್ದೆ, ಇದಕ್ಕೆ ತಯಾರಾಗಿರಲಿಲ್ಲ. ಪಡಸಾಲೆಯ ನಡುವೆ ಕಡ್ಡಿ ಹಿಡಿದುಕೊಂಡು, ಅತ್ತೆಯ ಎದುರಿಗೇ ಅತ್ತುಬಿಟ್ಟೆ. ಅವರು ಟೀವಿಯ ಮುಂದೆ ತಮ್ಮ ಜಾಗದಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ನನ್ನನ್ನು ನೋಡಿದರು.

“ಹೋಗು,” ಎಂದರು. “ಮ್ಯಾಲೆ ನಿನ್ನ ಮಂದಿ ಕಾಯಾಕತ್ತಿರ್ತಾರ.”

ನಾನು ಕಣ್ಣೊರೆಸಿಕೊಂಡು ಮೇಲೆ ಹೋದೆ.